ಹೆಗ್ಗೋಡಿನ ಚಿತ್ರಸಮಾಜ

ಹಳ್ಳಿಯ ರೈತನಿಗೆ ಕುರೋಸಾವಾನ ಸಿನಿಮಾ ಹಿಡಿಸೀತೇ ಎಂದು ನಮ್ಮ ನಗರಗಳ ಚಿತ್ರಪ್ರೇಮಿಗಳು ಇವತ್ತಿಗೂ ಕೇಳುವುದುಂಟು. ಕರ್ನಾಟಕದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿ ನಾಲ್ಕು ದಶಕಗಳ ಮೇಲಾಯಿತು. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಪುಟ್ಟ ಊರಿನಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು. ಸುತ್ತ ಅಡಿಕೆ ತೋಟ, ಭತ್ತದ ಗದ್ದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಸಾಗರ ಪೇಟೆಯಿಂದ ಎಂಟು-ಹತ್ತು ಕಿಲೋಮೀಟರ್ ಒಳಗಿರುವ ಈ ಊರಿನಲ್ಲಿ ಜನ ‘ಪಥೇರ್ ಪಾಂಚಾಲಿ’ ನೋಡಿದರು, ‘ಬೈಸಿಕಲ್ ಥೀವ್ಸ್’ ನೋಡಿದರು, ‘ರಾಶೋಮನ್’ ನೋಡಿದರು. ನೋಡಿ ಮನೆಗೆ ಹೋಗಿ ಮಲಗಲಿಲ್ಲ, ಕೂತು ಮಾತಾಡಿದರು. ಲಾಭದ ಆಸೆಯಿಲ್ಲದ ಚಿತ್ರಮಂದಿರವೊಂದು ಊರಿನ ಸಾಂಸ್ಕೃತಿಕ ಜೀವನದ ನಡುಮನೆಯಾಗಬಲ್ಲದು ಎನ್ನುವುದಕ್ಕೆ ಕನ್ನಡದಲ್ಲಿ ನಮಗಿರುವ ದೊಡ್ಡ ಸಾಕ್ಷಿ ಇದು.

ಕೂಕಟ್‌ಪಲ್ಲಿಯ ಕನ್ನಡಿಗರ ಕೈ ಸೇರುವ ಸ್ಮರಣ ಸಂಚಿಕೆಯಲ್ಲಿ ಮಲೆನಾಡಿನ ಸಂಸ್ಥೆಯೊಂದರ ಇತಿಹಾಸವೇಕೆ ಎಂದು ಓದುಗರು ಕೇಳಬಹುದು. ಕಾರಣಗಳಿವೆ. ಕೂಕಟ್‌ಪಲ್ಲಿ ಇರುವುದು ಹಳೆಯ ಬೊಂಬಾಯಿ ರಸ್ತೆಯ ಮೇಲೆ. ಬೀದರ್ ಜಿಲ್ಲೆಯ ಹುಮನಾಬಾದಿನ ಕಡೆಯಿಂದ ಬರುವವರಿಗೆ ಹೈದರಾಬಾದಿನ ಹೆಬ್ಬಾಗಿಲು ಇದೇ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಇಲ್ಲಿನ ಕನ್ನಡಿಗರಲ್ಲಿ ಅನೇಕರಿಗೆ ಈ ನಗರ ಪರಸ್ಥಳವಲ್ಲ. ಹೌಸಿಂಗ್ ಬೋರ್ಡ್ ಕಾಲೊನಿ ಬೆಳೆದು, ಮೆಟ್ರೊ ಬಂದು, ಮೂವತ್ತು ಅಂತಸ್ತಿನ ವಸತಿ ಸಮುಚ್ಚಯಗಳು ಎದ್ದ ಮೇಲೂ ಈ ಭಾಗದ ಜನರಿಗೆ ಸಿನಿಮಾ ಎಂದರೆ ಪ್ರಾಣ. ಭ್ರಮರಾಂಬ, ಮಲ್ಲಿಕಾರ್ಜುನ ಥಿಯೇಟರುಗಳ ಮುಂದೆ ದೊಡ್ಡ ನಟರ ಚಿತ್ರದ ಮೊದಲ ದಿನದ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಿನಿಮಾದ ಮೇಲೆ ಇಷ್ಟು ಪ್ರೀತಿಯಿರುವ ಊರಿನಲ್ಲಿ, ನೋಡಿದ್ದನ್ನು ಕುರಿತು ನೆರೆಹೊರೆಯವರೊಂದಿಗೆ ಕೂತು ಯೋಚಿಸುವ ಜಾಗ ಮಾತ್ರ ಇಲ್ಲ. ಹೆಗ್ಗೋಡಿನವರು ಅಂಥ ಜಾಗವನ್ನು ಹೇಗೆ ಕಟ್ಟಿಕೊಂಡರು ಎಂಬುದು ನಮಗೆ ಗೊತ್ತಿರಬೇಕು. ಹೈದರಾಬಾದಿಗೂ ಹೆಗ್ಗೋಡಿಗೂ ನಡುವೆ ಒಂದು ಎಳೆ ಕೂಡ ಇದೆ. ಅದು ಮುಂದೆ ಬರುತ್ತದೆ.

ಚಿತ್ರಸಮಾಜದ ಬೇರು ನಾಟಕದಲ್ಲಿದೆ. ಊರ ದೇವರು ನೀಲಕಂಠೇಶ್ವರನ ಹೆಸರಿನಲ್ಲಿ 1949ರಲ್ಲಿ ಹೆಗ್ಗೋಡಿನ ಜನ ‘ನೀಲಕಂಠೇಶ್ವರ ನಾಟ್ಯಸೇವಾ ಸಂಘ’ವನ್ನು, ಅಂದರೆ ನೀನಾಸಂ ಅನ್ನು, ಕಟ್ಟಿಕೊಂಡರು. ಸುಗ್ಗಿ ಮುಗಿದ ಮೇಲೆ ಹವ್ಯಾಸಿಗಳು ಸೇರಿ ನಾಟಕವಾಡುವ ಸಂಘಗಳು ಆ ಕಾಲದಲ್ಲಿ ಮಲೆನಾಡಿನ ಹತ್ತಾರು ಊರುಗಳಲ್ಲಿದ್ದವು. ಬಹಳಷ್ಟು ಸಂಘಗಳು ಆ ತಲೆಮಾರಿನೊಂದಿಗೇ ಮುಗಿದವು. ಇದು ಮುಗಿಯಲಿಲ್ಲ. ಪಕ್ಕದ ಮುಂಡಿಗೇಸರದ ಕೆ.ವಿ. ಸುಬ್ಬಣ್ಣ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಕುವೆಂಪು ಅವರಂಥ ಗುರುಗಳ ಪಾಠ ಕೇಳಿ, ನೌಕರಿಯ ದಾರಿ ಹಿಡಿಯದೆ ಊರಿಗೆ ವಾಪಸು ಬಂದರು. ತೋಟ ನೋಡಿಕೊಂಡರು. 1950ರ ದಶಕದ ಕೊನೆಯ ಹೊತ್ತಿಗೆ ‘ಅಕ್ಷರ ಪ್ರಕಾಶನ’ ಆರಂಭಿಸಿದರು. ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ ‘ಸಾಕ್ಷಿ’ ಪತ್ರಿಕೆಯ ಪ್ರಕಟಣೆಯ ಹೊಣೆಯನ್ನೂ ಹೊತ್ತರು. ನವ್ಯ ಸಾಹಿತ್ಯದ ಮುಖ್ಯ ಪುಸ್ತಕಗಳು ಸಾಗರದ ಅಂಚೆ ಮುದ್ರೆ ಹೊತ್ತು ನಾಡಿಗೆ ಹೋಗುತ್ತಿದ್ದ ಕಾಲವದು. ಹೀಗೆ ನಾಟಕದ ಜೊತೆಗೆ ಪುಸ್ತಕ ಸೇರಿತು. ಪುಸ್ತಕದ ಬೆನ್ನಿಗೆ ಸಿನಿಮಾ ಬಂತು.

ಅದಕ್ಕೆ ಮೊದಲು ಒಂದು ಕಟ್ಟಡ ಬೇಕಾಗಿತ್ತು. 1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ಸಿದ್ಧವಾಯಿತು. ಜಿಲ್ಲಾ ಕೇಂದ್ರಗಳಲ್ಲೇ ಒಳ್ಳೆಯ ರಂಗಮಂದಿರ ಅಪರೂಪವಾಗಿದ್ದ ದಿನಗಳಲ್ಲಿ ಹಳ್ಳಿಯೊಂದು ಇಂಥದನ್ನು ಎಬ್ಬಿಸಿದ್ದು ಸಾಹಸವೇ ಸರಿ. ಹೆಸರಿನ ಆಯ್ಕೆ ಕೂಡ ಮನಸ್ಸಿಗೆ ಹಿತವೆನಿಸುತ್ತದೆ. ಕಾರಂತರನ್ನು ನಾವು ಕಾದಂಬರಿಕಾರರಾಗಿ, ಯಕ್ಷಗಾನದ ಪ್ರಯೋಗಶೀಲರಾಗಿ ನೆನೆಯುತ್ತೇವೆ. 1930ರ ಆಸುಪಾಸಿನಲ್ಲಿ, ಕನ್ನಡಕ್ಕೆ ವಾಕ್ಚಿತ್ರ ಬರುವ ಮೊದಲೇ ಅವರು ಮೂಕಿ ಚಿತ್ರ ತೆಗೆಯಲು ಕೈಹಾಕಿದ್ದರು. 1978ರಲ್ಲಿ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ನಿರ್ದೇಶಿಸಿದರು. ಕ್ಯಾಮೆರಾದ ಹಿಂದೆ ನಿಂತಿದ್ದ ಸಾಹಿತಿಯ ಹೆಸರು ಹೊತ್ತ ಮಂದಿರದಲ್ಲಿ, ಅದು ಎದ್ದ ಮರುವರ್ಷವೇ ಚಿತ್ರಸಮಾಜ ಶುರುವಾಯಿತು.

ಫಿಲ್ಮ್ ಸೊಸೈಟಿ ಎಂಬ ವ್ಯವಸ್ಥೆ ಆಗ ದೇಶಕ್ಕೆ ಹೊಸದೇನೂ ಆಗಿರಲಿಲ್ಲ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲ್ಕತ್ತ ಫಿಲ್ಮ್ ಸೊಸೈಟಿ ಕಟ್ಟಿದ್ದರು. 1952ರ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಇಟಲಿ ಮತ್ತು ಜಪಾನಿನ ಚಿತ್ರಗಳನ್ನು ನಮ್ಮವರ ಕಣ್ಣಿಗೆ ಬೀಳಿಸಿತು. 1959ರಲ್ಲಿ ರಾಯ್ ಅವರ ಅಧ್ಯಕ್ಷತೆಯಲ್ಲಿ ಫಿಲ್ಮ್ ಸೊಸೈಟಿಗಳ ಒಕ್ಕೂಟ ಸ್ಥಾಪನೆಯಾಯಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಮರುವರ್ಷ ಕೇರಳದಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ತಿರುವನಂತಪುರದಲ್ಲಿ ‘ಚಿತ್ರಲೇಖ’ ಆರಂಭಿಸಿದರು. ಇವುಗಳ ಸದಸ್ಯರು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲ ನಗರವಾಸಿಗಳು. ಚಿತ್ರದ ಅಡಿಯಲ್ಲಿ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರಿಗೆ ಮಾತ್ರ ಜಗತ್ತಿನ ಸಿನಿಮಾ ಎಂಬುದು ಅಲ್ಲಿ ಮಾತಿಲ್ಲದೆ ಒಪ್ಪಿಕೊಂಡಿದ್ದ ಷರತ್ತು. ಹೆಗ್ಗೋಡು ಆ ಷರತ್ತನ್ನು ಒಪ್ಪಲಿಲ್ಲ. ಚಳವಳಿಯ ಇತಿಹಾಸದಲ್ಲಿ ಅದರ ಜಾಗ ಬೇರೆಯಾಗಿರುವುದು ಈ ಕಾರಣಕ್ಕೆ.

ಈ ಸೊಸೈಟಿಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು, ಬೇಕೆಂದ ಚಿತ್ರ ಕೈಯಲ್ಲಿರುವ ಫೋನಿಗೆ ಬಂದುಬಿಡುವ ಕಾಲ ಇದು. ಆಗ ಚಿತ್ರವೆಂದರೆ ಡಬ್ಬಿಯಲ್ಲಿ ಬರುವ ಸುರುಳಿ. ಥಿಯೇಟರಿನ 35 ಎಂಎಂ ಪ್ರಿಂಟು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಚಿತ್ರಕ್ಕೆ ಹತ್ತು ಸಾವಿರ ಅಡಿಗೂ ಮಿಕ್ಕಿದ ಫಿಲ್ಮು, ಅದನ್ನು ಸಾಗಿಸಲೇ ಆಳು ಬೇಕು. 16 ಎಂಎಂ ಪ್ರಿಂಟು ನಿಮಿಷಕ್ಕೆ 36 ಅಡಿ. ಅದೇ ಚಿತ್ರ ನಾಲ್ಕೂಕಾಲು ಸಾವಿರ ಅಡಿಯಲ್ಲಿ, ಮೂರು ದೊಡ್ಡ ಸುರುಳಿಗಳಲ್ಲಿ ಮುಗಿಯುತ್ತದೆ. ಒಬ್ಬನೇ ಹೊತ್ತು ಬಸ್ಸಿಗೆ ಹತ್ತಿಸಬಹುದು. ಪ್ರೊಜೆಕ್ಟರನ್ನೂ ಮೇಜಿನ ಮೇಲಿಟ್ಟು ಓಡಿಸಬಹುದು. ಒಂದೇ ಪ್ರೊಜೆಕ್ಟರ್ ಇದ್ದರೆ ಸುರುಳಿ ಮುಗಿದಾಗಲೆಲ್ಲ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಪುಣೆಯ ಸಂಗ್ರಹಾಲಯ ತನ್ನ ವಿತರಣಾ ವಿಭಾಗದಿಂದ ಇಂಥ 16 ಎಂಎಂ ಪ್ರಿಂಟುಗಳನ್ನು ಸೊಸೈಟಿಗಳಿಗೆ ಕಳಿಸುತ್ತಿತ್ತು. ವಿದೇಶಿ ರಾಯಭಾರ ಕಚೇರಿಗಳು ಒಕ್ಕೂಟದ ಮೂಲಕ ತಮ್ಮ ದೇಶದ ಚಿತ್ರಗಳನ್ನು ಕೊಡುತ್ತಿದ್ದವು. ಸದಸ್ಯರಿಗಷ್ಟೇ ತೋರಿಸುವ ಸೊಸೈಟಿಗಳಿಗೆ ಸೆನ್ಸಾರ್ ವಿಷಯದಲ್ಲಿ ವಿನಾಯಿತಿ ಸಿಗುತ್ತಿತ್ತು. ಟಿಕೆಟ್ ಮಾರುವಂತಿಲ್ಲ, ಚಂದಾ ಹಣದಲ್ಲೇ ಎಲ್ಲ ನಡೆಯಬೇಕು.

ಇದೇ ಸಮಯದಲ್ಲಿ ಕನ್ನಡದಲ್ಲಿ ಹೊಸ ಸಿನಿಮಾದ ಗಾಳಿ ಎದ್ದಿತ್ತು. 1970ರಲ್ಲಿ ‘ಸಂಸ್ಕಾರ’ ಬಂತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ಕಡೆಯವರು, ತೆಲುಗಿನ ಕವಿ. ಚಿತ್ರೀಕರಣ ನಡೆದದ್ದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ ಒಬ್ಬ ತೆಲುಗು ಕವಿಯ ಕೈಯಿಂದ ಬಂತೆಂಬುದನ್ನು ಹೈದರಾಬಾದಿನ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಅದರ ಹಿಂದೆಯೇ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಹಂಸಗೀತೆ’, ‘ಘಟಶ್ರಾದ್ಧ’ ಬಂದವು. ಇವುಗಳಲ್ಲಿ ಹಲವು ಕಥೆಗಳು ಮಲೆನಾಡು, ಕರಾವಳಿಯ ಅಂಗಳದಲ್ಲೇ ನಡೆಯುತ್ತವೆ. ತಮ್ಮದೇ ಮನೆ, ಮಾತು, ಮಡಿಮೈಲಿಗೆಗಳು ತೆರೆಯ ಮೇಲೆ ಬರುವುದನ್ನು ನೋಡಿದ ಜನಕ್ಕೆ ಬಂಗಾಳದ ಹಳ್ಳಿಯ ಅಪು-ದುರ್ಗಾರ ಮನೆ ಬಹಳ ದೂರದ್ದಾಗಿ ಕಾಣಬೇಕಿರಲಿಲ್ಲ.

ಕಾಣಲೂ ಇಲ್ಲ. 1970ರ ದಶಕದಲ್ಲಿ ಹೆಗ್ಗೋಡಿನಲ್ಲಿ ನಡೆದ ಚಿತ್ರೋತ್ಸವಗಳು ಇದನ್ನು ತೋರಿಸಿಕೊಟ್ಟವು. ರಾಯ್, ಕುರೋಸಾವಾ, ಡಿ ಸಿಕಾ, ಬರ್ಗಮನ್, ಚಾಪ್ಲಿನ್ ಎಂಬ ಹೆಸರುಗಳು ಅಡಿಕೆ ಕೊಯ್ಲಿನ ಮಾತಿನ ನಡುವೆ ಸೇರಿಕೊಂಡವು. ಗುಟ್ಟು ಬಹಳ ಸರಳವಾದದ್ದು. ಚಿತ್ರ ಆರಂಭವಾಗುವ ಮುನ್ನ ಯಾರಾದರೊಬ್ಬರು ಕನ್ನಡದಲ್ಲಿ ಅದರ ಪರಿಚಯ ಮಾಡಿಕೊಡುತ್ತಿದ್ದರು: ಕಥೆ ಎಲ್ಲಿ ನಡೆಯುತ್ತದೆ, ಆ ದೇಶದಲ್ಲಿ ಆಗ ಏನು ನಡೆದಿತ್ತು, ಯಾರು ಯಾರಿಗೆ ಏನಾಗಬೇಕು. ಚಿತ್ರ ಮುಗಿದ ಮೇಲೆ ಚರ್ಚೆ. ಯಕ್ಷಗಾನ, ತಾಳಮದ್ದಲೆಗಳಲ್ಲಿ ಪಳಗಿದ ಪ್ರೇಕ್ಷಕರು ಇವರು. ಪ್ರಸಂಗದ ಕಥೆ ಮೊದಲೇ ಗೊತ್ತಿದ್ದರೂ ರಾತ್ರಿಯಿಡೀ ಕೂತು, ಈ ಕರ್ಣ ಹೇಗೆ ವಾದಿಸಿದ, ಆ ಕೃಷ್ಣ ಎಲ್ಲಿ ಸೋತ ಎಂದು ತೂಗಿ ನೋಡುವ ಅಭ್ಯಾಸ ಅವರಿಗೆ ಹಿಂದಿನಿಂದ ಬಂದದ್ದು. ಒಂದೇ ಘಟನೆಯನ್ನು ನಾಲ್ವರು ನಾಲ್ಕು ರೀತಿ ಹೇಳುವ ‘ರಾಶೋಮನ್’ ಅಂಥವರಿಗೆ ಒಗಟಾಗಲು ಕಾರಣವೇ ಇರಲಿಲ್ಲ. ಸಿನಿಮಾ ವಿಮರ್ಶೆಯ ತರಬೇತಿ ಪಡೆದವರು ಅವರ ಈ ಅಭ್ಯಾಸವನ್ನು ಗಣನೆಗೆ ತೆಗೆದುಕೊಂಡದ್ದು ಕಡಿಮೆ. ಸುಬ್ಬಣ್ಣ ತೆಗೆದುಕೊಂಡರು, ತಮ್ಮ ಕೆಲಸವನ್ನೆಲ್ಲ ಅದರ ಮೇಲೆಯೇ ಕಟ್ಟಿದರು ಎಂದು ನಾನು ತಿಳಿದಿದ್ದೇನೆ.

ಇಲ್ಲಿ ಪುಣೆಯ ಇಬ್ಬರನ್ನು ಕೃತಜ್ಞತೆಯಿಂದ ನೆನೆಯಬೇಕು. ಒಬ್ಬರು ಸತೀಶ ಬಹಾದೂರ್. ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಫಿಲ್ಮ್ ಸೊಸೈಟಿ ನಡೆಸುತ್ತಿದ್ದವರು, 1960ರ ದಶಕದಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಗೆ ಬಂದು ರಸಗ್ರಹಣದ ಪ್ರಾಧ್ಯಾಪಕರಾದರು. ಒಂದು ಚಿತ್ರವನ್ನು ಹಿಡಿದು ಶಾಟು ಶಾಟಾಗಿ ಬಿಡಿಸಿ ತೋರಿಸುವುದು ಅವರ ಪಾಠದ ರೀತಿ. ‘ಪಥೇರ್ ಪಾಂಚಾಲಿ’ಯ ಅವರ ವಿಶ್ಲೇಷಣೆ ಒಂದಿಡೀ ತಲೆಮಾರಿನ ವಿದ್ಯಾರ್ಥಿಗಳಿಗೆ ಕಣ್ಣು ಕೊಟ್ಟಿತು. ಇನ್ನೊಬ್ಬರು ಪಿ.ಕೆ. ನಾಯರ್, ಚಲನಚಿತ್ರ ಸಂಗ್ರಹಾಲಯವನ್ನು ತಮ್ಮ ಉಸಿರಾಗಿಸಿಕೊಂಡವರು. 1965ರಲ್ಲಿ ಸೇರಿ 1991ರವರೆಗೆ ಅಲ್ಲಿ ದುಡಿದರು. ಫಾಲ್ಕೆಯವರ ಚಿತ್ರಗಳ ಉಳಿದ ತುಣುಕುಗಳನ್ನು ಹುಡುಕಿ ತಂದು ಜೋಪಾನ ಮಾಡಿದ ಕೀರ್ತಿ ಅವರದು. ಸಂಗ್ರಹಿಸಿದ್ದನ್ನು ಕಪಾಟಿನಲ್ಲಿ ಬೀಗ ಹಾಕಿಡಬಾರದು, ಜನರ ಕಣ್ಣಿಗೆ ಬೀಳಿಸಬೇಕು ಎಂದು ನಂಬಿದ್ದ ಅಧಿಕಾರಿ ಅವರಾಗಿದ್ದರಿಂದಲೇ ಪುಣೆಯ ಡಬ್ಬಿಗಳು ಸಾಗರ ತಾಲ್ಲೂಕಿನವರೆಗೆ ಬಂದವು. ಸರ್ಕಾರಿ ಕಚೇರಿಯೊಂದು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಇಂಥ ಉದಾಹರಣೆಗಳನ್ನು ಎತ್ತಿ ಹೇಳುತ್ತಿರಬೇಕು, ಇಲ್ಲದಿದ್ದರೆ ಅವು ಮರೆತುಹೋಗುತ್ತವೆ.

1979ರಲ್ಲಿ ಹೆಗ್ಗೋಡಿನಲ್ಲಿ ಚಲನಚಿತ್ರ ರಸಗ್ರಹಣ ಶಿಬಿರ ಆರಂಭವಾಯಿತು. ಬಹಾದೂರ್, ನಾಯರ್ ಇಬ್ಬರೂ ಬಂದು ಪಾಠ ಮಾಡಿದರು. ನಾಡಿನ ಬೇರೆಬೇರೆ ಕಡೆಗಳಿಂದ ಮೇಷ್ಟರುಗಳು, ಕಾಲೇಜು ಹುಡುಗರು, ಬ್ಯಾಂಕು-ಅಂಚೆ ಕಚೇರಿಗಳ ನೌಕರರು, ಬರಹಗಾರರು ಬಂದು ಉಳಿದರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಚಿತ್ರ, ಸಂಜೆ ಚರ್ಚೆ, ರಾತ್ರಿ ಮತ್ತೆ ಚಿತ್ರ. ಪುಣೆಗೆ ಹೋಗಿ ಇಂಗ್ಲಿಷಿನಲ್ಲಿ ಮಾತ್ರ ಕಲಿಯಬಹುದಾಗಿದ್ದ ವಿದ್ಯೆ ಕನ್ನಡದ ಊರಿಗೇ ಬಂತು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಚರ್ಚೆ ಕನ್ನಡದಲ್ಲಿ ಬೆಳೆಯುತ್ತಿತ್ತು. ಶಿಬಿರ ಮುಗಿಸಿ ಹೋದವರು ತಮ್ಮ ತಮ್ಮ ಊರುಗಳಲ್ಲಿ ಸಣ್ಣಪುಟ್ಟ ಚಿತ್ರಸಮಾಜಗಳಲ್ಲಿ ದುಡಿದರು, ಪತ್ರಿಕೆಗಳಿಗೆ ಸಿನಿಮಾ ಕುರಿತು ಬರೆದರು. ಕನ್ನಡದಲ್ಲಿ ಸಿನಿಮಾ ವಿಮರ್ಶೆಗೆ ಒಂದು ಗಂಭೀರ ನುಡಿಗಟ್ಟು ಬಂದಿದ್ದರೆ ಅದರಲ್ಲಿ ಹೆಗ್ಗೋಡಿನ ಪಾಲು ದೊಡ್ಡದು.

ಇವೆಲ್ಲ ಸಂಸ್ಥೆಯವರೇ ಹೇಳಿಕೊಳ್ಳುವ ಮಾತೇ ಎಂದು ಅನುಮಾನಿಸುವವರು ‘ಸೆಲ್ಯುಲಾಯ್ಡ್ ಮ್ಯಾನ್’ ನೋಡಬೇಕು. ಶಿವೇಂದ್ರ ಸಿಂಗ್ ಡುಂಗರ್ಪುರ್ ಅವರು ಪಿ.ಕೆ. ನಾಯರ್ ಕುರಿತು ತೆಗೆದ ಈ ಸಾಕ್ಷ್ಯಚಿತ್ರ 2012ರಲ್ಲಿ ಬಂತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಾಯರ್ ಅವರ ಬದುಕನ್ನು ಹಿಂಬಾಲಿಸುತ್ತ ಹೋಗುವ ಚಿತ್ರ ಹೆಗ್ಗೋಡಿಗೂ ಬರುತ್ತದೆ. ದಶಕಗಳ ಹಿಂದೆ ತಾವು ನೋಡಿದ ಜಗತ್ತಿನ ಚಿತ್ರಗಳನ್ನು ಊರಿನ ಕೃಷಿಕರು ಅಲ್ಲಿ ನೆನಪಿಸಿಕೊಳ್ಳುತ್ತಾರೆ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವವರ ದನಿ ಅದಲ್ಲ. ನೆಂಟರ ಮನೆಯ ಸುದ್ದಿಯಂತೆ ಸಲೀಸಾಗಿ ಮಾತು ಬರುತ್ತದೆ. ಸಂಸ್ಥೆಯೊಂದರ ಸಾಧನೆಗೆ ಇದಕ್ಕಿಂತ ಗಟ್ಟಿ ದಾಖಲೆ ಬೇರೆ ಇರಲಾರದು. ವರದಿ, ಅಂಕಿಅಂಶ, ಪ್ರಶಸ್ತಿ ಪತ್ರಗಳೆಲ್ಲ ಅದರ ಮುಂದೆ ಸಣ್ಣವು.

1980ರ ದಶಕದ ನಡುವಿನಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನೊಂದಿಗೆ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ಅದುವರೆಗೆ ಜನ ಹೆಗ್ಗೋಡಿಗೆ ಬರುತ್ತಿದ್ದರು, ಈಗ ಹೆಗ್ಗೋಡು ಜನರ ಬಳಿಗೆ ಹೋಯಿತು. ಕರ್ನಾಟಕದ ಹಲವು ಊರುಗಳಲ್ಲಿ ಚಿತ್ರೋತ್ಸವ, ರಸಗ್ರಹಣ ಶಿಬಿರ, ನಾಟಕದ ತರಬೇತಿ ನಡೆದವು. ರಂಗಭೂಮಿಯ ಹತ್ತಿರ ಸುಳಿಯದ ಸಮುದಾಯಗಳೊಂದಿಗೆ ನಾಟಕ ಕಟ್ಟಿದ್ದು ಈ ಹೊತ್ತಿನ ವಿಶೇಷ. ಆಫ್ರಿಕ ಮೂಲದ ಸಿದ್ದಿ ಜನ ಉತ್ತರ ಕನ್ನಡದ ಕಾಡಂಚಿನಲ್ಲಿ ಶತಮಾನಗಳಿಂದ ಬಾಳುತ್ತಿದ್ದಾರೆ. ಚಿದಂಬರರಾವ್ ಜಂಬೆ ಅವರು ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಸಿದ್ದಿಗಳಿಂದಲೇ ಆಡಿಸಿದರು. ಹೊರಗಿನ ಹಣ ಪಡೆದದ್ದು ಸರಿಯೇ ಎಂಬ ಚರ್ಚೆಗೆ ಜಾಗವಿದೆ. ಆ ಹಣ ಏನು ಮಾಡಿತು ಎಂದು ಕೇಳಿದರೆ ನಾನು ಈ ನಾಟಕವನ್ನೂ ಊರೂರಿಗೆ ಹೋದ ಆ ಪ್ರೊಜೆಕ್ಟರುಗಳನ್ನೂ ತೋರಿಸುತ್ತೇನೆ.

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನೂ ರಂಗಭೂಮಿಯ ಸಂತೋಷವನ್ನೂ ತಂದುಕೊಟ್ಟದ್ದಕ್ಕಾಗಿ ಈ ಗೌರವವೆಂದು ಪ್ರಶಸ್ತಿ ಸಮಿತಿ ಹೇಳಿತು. ಅಲ್ಲಿ ಸಿನಿಮಾದ ಮಾತು ನಾಟಕಕ್ಕಿಂತ ಮೊದಲು ಬಂದಿರುವುದನ್ನು ಗಮನಿಸಬೇಕು. ನೀನಾಸಂ ಎಂದರೆ ನಾಟಕ ಎಂದಷ್ಟೇ ಇಂದು ತಿಳಿದಿರುವ ಬಹುಮಂದಿಗೆ ಆ ಸಂಸ್ಥೆಯ ಹೆಸರು ಮನಿಲಾದವರೆಗೆ ಹೋದದ್ದರಲ್ಲಿ ಚಿತ್ರಸಮಾಜಕ್ಕೂ ಪಾಲಿತ್ತೆಂಬುದು ಮರೆತೇಹೋಗಿದೆ.

ಮರೆಯಲು ಕಾರಣಗಳಿವೆ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ವರ್ಷವರ್ಷವೂ ನಾಡು ಸುತ್ತುವ ‘ತಿರುಗಾಟ’ ಆರಂಭವಾದ ಮೇಲೆ ಸಂಸ್ಥೆಯ ಶಕ್ತಿ ಹೆಚ್ಚಾಗಿ ರಂಗಭೂಮಿಯ ಕಡೆ ಹರಿಯಿತು. ಅತ್ತ ದೂರದರ್ಶನ ಮನೆಮನೆಗೆ ಬಂತು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ತೋರಿಸತೊಡಗಿತು. ಆಮೇಲೆ ವಿಡಿಯೊ ಕ್ಯಾಸೆಟ್ಟು, ಸಿ.ಡಿ. ಬಂದವು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೂರ್ವ ಯುರೋಪಿನ ರಾಯಭಾರ ಕಚೇರಿಗಳಿಂದ ಬರುತ್ತಿದ್ದ ಚಿತ್ರಗಳ ದಾರಿಯೂ ಕಿರಿದಾಯಿತು. 16 ಎಂಎಂ ಎಂಬುದೇ ಹಳತಾಯಿತು. ದೇಶದ ಬಹುಪಾಲು ಫಿಲ್ಮ್ ಸೊಸೈಟಿಗಳು ಈ ಹೊಡೆತಕ್ಕೆ ಬಾಗಿಲು ಹಾಕಿದವು. ಹೆಗ್ಗೋಡಿನಲ್ಲಿ ಆದದ್ದು ಬೇರೆ. ಸಿನಿಮಾ ರಸಗ್ರಹಣದ ಶಿಬಿರ ಕ್ರಮೇಣ ಸಾಹಿತ್ಯ, ನಾಟಕ, ಸಂಗೀತ, ಸಮಾಜ ಚಿಂತನೆಗಳನ್ನೂ ಒಳಗೊಂಡು ಸಂಸ್ಕೃತಿ ಶಿಬಿರವಾಯಿತು. ಅನಂತಮೂರ್ತಿ ಅದರ ದೊಡ್ಡ ಕಂಬವಾಗಿದ್ದರು. ‘ಮಾತುಕತೆ’ ಎಂಬ ತ್ರೈಮಾಸಿಕ ಹೊರಬಂತು. ಡಿ.ಆರ್. ನಾಗರಾಜರ ಸಂಪಾದಕತ್ವದಲ್ಲಿ ‘ಅಕ್ಷರ ಚಿಂತನ’ ಮಾಲೆಯ ಪುಸ್ತಕಗಳು ಬಂದವು. ಸಿನಿಮಾದ ಪಾಲು ಕಡಿಮೆಯಾದದ್ದನ್ನು ಸೋಲೆಂದು ಬರೆಯಲು ನನಗೆ ಮನಸ್ಸಿಲ್ಲ. ಒಂದು ತೆರೆಯ ಮುಂದೆ ಕೂತು ಮಾತಾಡಲು ಕಲಿತ ಜನ ಆ ಮಾತನ್ನು ಬೇರೆ ವಿಷಯಗಳಿಗೂ ಒಯ್ದರು. ಆದರೂ ಚಿತ್ರಸಮಾಜದ ಮೊದಲ ಹದಿನೈದು ವರ್ಷಗಳ ಆ ಬಿಸಿ ಮತ್ತೆ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು, ಅದು ನಷ್ಟವೇ. 2005ರ ಜುಲೈನಲ್ಲಿ ಸುಬ್ಬಣ್ಣ ತೀರಿಕೊಂಡರು. ಕೆ.ವಿ. ಅಕ್ಷರ ಮತ್ತು ಸಂಗಡಿಗರು ಸಂಸ್ಥೆಯನ್ನು ಮುಂದುವರಿಸಿದ್ದಾರೆ.

ಬೆಂಗಳೂರಿನ ‘ಸುಚಿತ್ರ’ದ ಹೆಸರನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. 1971ರಲ್ಲಿ, ಹೆಗ್ಗೋಡಿಗಿಂತ ಎರಡು ವರ್ಷ ಮೊದಲು, ಎಚ್.ಎನ್. ನರಹರಿ ರಾವ್ ಮತ್ತು ಗೆಳೆಯರು ಶುರುಮಾಡಿದ ಫಿಲ್ಮ್ ಸೊಸೈಟಿ ಅದು. ಬಾಡಿಗೆ ಸಭಾಂಗಣಗಳಲ್ಲಿ ತೋರಿಸುತ್ತಾ ಬಂದು, ಕೊನೆಗೆ ಬನಶಂಕರಿ ಎರಡನೆಯ ಹಂತದಲ್ಲಿ ತನ್ನದೇ ಸಭಾಂಗಣ ಕಟ್ಟಿಕೊಂಡಿತು. ಸ್ವಂತ ಸೂರು ಪಡೆದ ಫಿಲ್ಮ್ ಸೊಸೈಟಿಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಸೂರು ಬಂದ ಮೇಲೆ ನಾಟಕ, ಸಂಗೀತ, ಪುಸ್ತಕ ಬಿಡುಗಡೆ, ಮಕ್ಕಳ ಬೇಸಿಗೆ ಶಿಬಿರಗಳೆಲ್ಲ ಅಲ್ಲಿಗೆ ಬಂದವು. 2006ರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ಹುಟ್ಟಿದ್ದು ಸುಚಿತ್ರದ ಮುಂದಾಳುತನದಿಂದಲೇ. ನಗರದಲ್ಲಿ ಕಟ್ಟಡ ಮುಖ್ಯ, ಹಳ್ಳಿಯಲ್ಲಿ ಸಂಬಂಧ ಮುಖ್ಯ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಎರಡೂ ಕಡೆ ನಿಜವಾಗಿ ದುಡಿದದ್ದು ಚಂದಾ ವಸೂಲಿ ಮಾಡಿದ, ಡಬ್ಬಿ ಹೊತ್ತ, ಕುರ್ಚಿ ಹಾಕಿದ, ಸಂಬಳವಿಲ್ಲದ ಕಾರ್ಯಕರ್ತರು.

ಇನ್ನು ಹೈದರಾಬಾದಿನ ಎಳೆ. ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಸುಬ್ಬಣ್ಣ ಅವರಿಗೆ ಸೋದರಮಾವ. ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿದ ತರುಣ ಕೆಲಸಕ್ಕೆಂದು ಬಂದದ್ದು ಇದೇ ಹೈದರಾಬಾದಿಗೆ. ಔಷಧ ಕಾರ್ಖಾನೆಗಳಿಗೆ ಹೆಸರಾದ ನಗರ. ಕೂಕಟ್‌ಪಲ್ಲಿಯ ಪಕ್ಕದಲ್ಲೇ ಸೋವಿಯತ್ ನೆರವಿನಿಂದ ಎದ್ದ ಐಡಿಪಿಎಲ್ ಇತ್ತು, ದೇಶದ ಮೂಲೆಮೂಲೆಯಿಂದ ಓದಿದ ಹುಡುಗರು ಇತ್ತ ಬರುತ್ತಿದ್ದ ಕಾಲ. ಕಾಸರವಳ್ಳಿಯವರು ಆ ವೃತ್ತಿಯಲ್ಲಿ ನಿಲ್ಲಲಿಲ್ಲ. ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. 1977ರ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆಯಿತು, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಚಿತ್ರಗಳಿಗೂ ಅದೇ ಗೌರವ ಬಂತು. ‘ಘಟಶ್ರಾದ್ಧ’ದ ಹೊಸದಾಗಿ ಶುದ್ಧೀಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಶ್ಯಾಮ್ ಬೆನಗಲ್ ಅವರದೂ ಇಂಥದೇ ನಂಟು. ಉಡುಪಿ ಜಿಲ್ಲೆಯ ಊರಿನ ಹೆಸರು ಹೊತ್ತ, ಕೊಂಕಣಿ ಮಾತಾಡುವ ಮನೆತನ. ಹುಟ್ಟಿ ಬೆಳೆದದ್ದು ಇಲ್ಲಿನ ತಿರುಮಲಗಿರಿಯಲ್ಲಿ. ಉಸ್ಮಾನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಹೈದರಾಬಾದ್ ಫಿಲ್ಮ್ ಸೊಸೈಟಿ ಕಟ್ಟಿದರು. ಮೊದಲ ಚಿತ್ರ ‘ಅಂಕುರ್’ಗೆ ಈ ಸೀಮೆಯ ಹಳ್ಳಿಯನ್ನೂ ದಖ್ಖನಿ ಮಾತನ್ನೂ ಆರಿಸಿಕೊಂಡರು. 1974ರಿಂದ ಹೈದರಾಬಾದ್ ಫಿಲ್ಮ್ ಕ್ಲಬ್ ಇದೆ; ಅಮೀರ್‌ಪೇಟೆಯ ಸಾರಥಿ ಸ್ಟುಡಿಯೊದ ಪುಟ್ಟ ಥಿಯೇಟರಿನಲ್ಲಿ ಅದರ ಪ್ರದರ್ಶನಗಳು ನಡೆದಿವೆ. 2010ರಲ್ಲಿ ಬಂಜಾರಾ ಹಿಲ್ಸ್‌ನ ಒಂದು ಮನೆಯ ಅಂಗಳ ‘ಲಾಮಕಾನ್’ ಆಗಿ ತೆರೆದುಕೊಂಡಿತು. ಚಹಾ ಕುಡಿಯುತ್ತ ಸಾಕ್ಷ್ಯಚಿತ್ರ ನೋಡಿ, ನಾಟಕ ನೋಡಿ, ಜಗಳವಾಡಿ ಎದ್ದುಹೋಗುವ ಮುಕ್ತ ಜಾಗ ಅದು. ಇವೆಲ್ಲ ಕೂಕಟ್‌ಪಲ್ಲಿಗೆ ಸಂಜೆಯ ಟ್ರಾಫಿಕ್ಕಿನಲ್ಲಿ ದೂರ. ದಿನವಿಡೀ ದುಡಿದು ಬಂದವರು, ಮಕ್ಕಳೊಂದಿಗೆ, ವಯಸ್ಸಾದವರೊಂದಿಗೆ ಅಲ್ಲಿಯವರೆಗೆ ಹೋಗಲಾರರು.

ಹಾಗಾಗಿ ಕೂಕಟ್‌ಪಲ್ಲಿಯ ಕನ್ನಡ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ವಸತಿ ಸಮುಚ್ಚಯಗಳಲ್ಲಿ ಕ್ಲಬ್ ಹೌಸುಗಳಿವೆ, ಪ್ರೊಜೆಕ್ಟರುಗಳಿವೆ, ಹುಟ್ಟುಹಬ್ಬಗಳಿಗೆ ಮಾತ್ರ ಬಳಕೆಯಾಗುವ ಹಾಲುಗಳಿವೆ. ತಿಂಗಳಿಗೊಂದು ಭಾನುವಾರ ಒಂದು ಚಿತ್ರವನ್ನು ಅಲ್ಲಿ ತೋರಿಸೋಣ. ಒಂದು ತಿಂಗಳು ‘ಘಟಶ್ರಾದ್ಧ’ವೋ ‘ತಬರನ ಕಥೆ’ಯೋ ಆದರೆ, ಮರುತಿಂಗಳು ನರಸಿಂಗರಾವ್ ನಿರ್ಮಿಸಿದ ‘ಮಾ ಭೂಮಿ’ಯನ್ನೋ ಮೃಣಾಲ್ ಸೇನ್ ತೆಲುಗಿನಲ್ಲಿ ತೆಗೆದ ‘ಒಕ ಊರಿ ಕಥಾ’ವನ್ನೋ ಹಾಕೋಣ. ತೆಲುಗು ನೆರೆಯವರನ್ನು ಕರೆಯೋಣ, ಉರ್ದು ಮನೆಗಳನ್ನು ಕರೆಯೋಣ. ಚಿತ್ರದ ಹಕ್ಕುದಾರರ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು, ಅದರಲ್ಲಿ ಅಡ್ಡದಾರಿ ಬೇಡ. ಪುಣೆಯ ಸಂಗ್ರಹಾಲಯ 2022ರಿಂದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗವಾಗಿದೆ, ಅಲ್ಲಿಗೂ ಬರೆದು ಕೇಳಬಹುದು. ಫಿಲ್ಮ್ ಸೊಸೈಟಿಗಳ ಒಕ್ಕೂಟ ಇನ್ನೂ ಇದೆ, ಹೊಸ ಸೊಸೈಟಿಗಳನ್ನು ಸೇರಿಸಿಕೊಳ್ಳುತ್ತದೆ. ಚಿತ್ರಕ್ಕೆ ಮೊದಲು ಹತ್ತು ನಿಮಿಷ ಪರಿಚಯ ಮಾಡಿಕೊಡುವವರು, ಮುಗಿದ ಮೇಲೆ ಅರ್ಧ ಗಂಟೆ ಮಾತಿಗೆ ಕೂರುವವರು ಬೇಕು. ನಿಮ್ಮಲ್ಲಿ ಯಾರಾದರೂ ಹೆಗ್ಗೋಡಿನ ಶಿಬಿರಗಳಿಗೆ ಹೋಗಿಬಂದಿದ್ದರೆ, ಆ ದಿನಗಳ ಕರಪತ್ರ, ಟಿಪ್ಪಣಿ, ಫೋಟೊಗಳು ಪೆಟ್ಟಿಗೆಯಲ್ಲಿದ್ದರೆ, ದಯವಿಟ್ಟು ಹೊರತೆಗೆಯಿರಿ. ಮೊದಲ ಪ್ರದರ್ಶನದ ಪರಿಚಯದ ಮಾತನ್ನು ನೀವೇ ಆಡಬೇಕು.